ಹಿಮ ಹಾಕುವ ಮೊದಲು ಗಾಳಿ ಎತ್ತಲಿಂದ ಅಂತ ಹೇಳಿ

ಪುಟ್ಟ ಸೈನಿಕರ ಗೊಂಬೆಗಳನ್ನು (ಮಿನಿಯೇಚರ್) ಇಟ್ಟು ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ನಾನು ಹಿಮ ಬಿದ್ದ ಮೈದಾನ ಮಾಡುತ್ತೇನೆ. ಅಂಥ ಮೊದಲ ಬೋರ್ಡ್ ಒಂದೇ ವರ್ಷಕ್ಕೆ ಹಳದಿ ತಿರುಗಿತು. ಎರಡನೆಯದಕ್ಕೆ ಸ್ಪ್ರೇ ಬಣ್ಣ ಹೊಡೆದೆ. ಥರ್ಮಾಕೋಲಿನ ಗುಡ್ಡ ಕಣ್ಣೆದುರೇ ಕರಗಿ ತೂತು ತೂತಾಯಿತು. ಮೂರನೆಯದು ಕೆಡಲಿಲ್ಲ. ಆದರೆ ನನ್ನ ಜೊತೆ ಆಡುವ ಗೆಳೆಯ ಅದನ್ನು ನೋಡಿ, "ಏನೋ ಇದು, ಸುಣ್ಣದ ಡಬ್ಬಿ ಬೀಳಿಸಿಬಿಟ್ಯಾ?" ಅಂದ. ಸಿಟ್ಟು ಬಂತು, ಆದರೆ ಅವನು ಹೇಳಿದ್ದು ನಿಜ. ಎಲ್ಲಾ ಕಡೆ ಒಂದೇ ದಪ್ಪ, ಒಂದೇ ಬಿಳುಪು. ಹಿಮ ಹಾಗೆ ಬೀಳುವುದಿಲ್ಲ ಅಲ್ವಾ?

ಈಗ ನಾನು ಮಾಡುವ ಮೊದಲ ಕೆಲಸ ಪೆನ್ಸಿಲ್ ಹಿಡಿದು ಹಲಗೆಯ ಹಿಂಬದಿಗೆ ಒಂದು ಬಾಣ ಬರೆಯುವುದು. ಗಾಳಿ ಬೀಸುವ ದಿಕ್ಕು ಅದು. ಗಾಳಿ ಇಲ್ಲದಾಗ ಹಿಮ ಸಮತಟ್ಟಾದ ಜಾಗದಲ್ಲಿ ಮಾತ್ರ ಕೂರುತ್ತದೆ: ಬಂಡೆಯ ನೆತ್ತಿ, ಗೋಡೆಯ ಮೇಲಂಚು, ಕೊಂಬೆಯ ಬೆನ್ನು. ಕಡಿದಾದ ಬದಿಯಲ್ಲಿ ನಿಲ್ಲದೆ ಜಾರಿಬಿಡುತ್ತದೆ. ಗಾಳಿ ಇದ್ದರೆ ಮರದ ಕಾಂಡದ ಒಂದು ಪಕ್ಕಕ್ಕೆ ಮಾತ್ರ ಮೆತ್ತಿಕೊಳ್ಳುತ್ತದೆ, ಗೋಡೆಯ ಮರೆಯಲ್ಲಿ ಗಾಳಿ ಸುಸ್ತಾಗುವ ಕಡೆ ಗುಡ್ಡೆ ಬೀಳುತ್ತದೆ. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಹಲಗೆಗೆ 6 ಮಿಲಿಮೀಟರ್ ದಪ್ಪದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ತೆಗೆದುಕೊಳ್ಳಿ. 3 ಮಿಲಿಮೀಟರಿನದು ಒದ್ದೆಯಾದರೆ ಬಾಗಿಬಿಡುತ್ತದೆ. ನಾನು 2 ಅಡಿ ಚೌಕದ ಆರು ತುಂಡು ಮಾಡಿಕೊಂಡಿದ್ದೇನೆ. ಜೋಡಿಸಿದರೆ 6 ಅಡಿ ಉದ್ದ, 4 ಅಡಿ ಅಗಲದ ಮೈದಾನ. ಎರಡೂ ಬದಿಗೆ ಬಣ್ಣ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಒಣಗುವಾಗ ದೋಣಿಯ ಹಾಗೆ ಮೇಲೇಳುತ್ತದೆ.

ತುಂಡುಗಳಲ್ಲಿ ಒಂದು ಫಜೀತಿ ಇದೆ. ಆಟಕ್ಕೆ ಕೂತಾಗ ಅವುಗಳನ್ನು ಹೇಗೆ ಬೇಕಾದರೂ ತಿರುಗಿಸಿ ಇಡಬಹುದು. ಆಗ ಒಂದು ತುಂಡಿನಲ್ಲಿ ಗಾಳಿ ಎಡಕ್ಕೆ, ಪಕ್ಕದ್ದರಲ್ಲಿ ಬಲಕ್ಕೆ! ಅದಕ್ಕೇ ಹಲಗೆಯ ಮೇಲೆ ತೆಳು ಹಿಮ ಮಾತ್ರ ಹಾಕುತ್ತೇನೆ, ದಿಕ್ಕು ಗೊತ್ತಾಗದ ಹಾಗೆ. ಗಾಳಿಯ ಕಥೆಯನ್ನೆಲ್ಲ ಬಿಡಿಯಾಗಿ ಇಡುವ ಗೋಡೆ, ಮನೆ, ಮರಗಳ ಮೇಲೆ ತೋರಿಸುತ್ತೇನೆ. ಅವುಗಳ ತಳದಲ್ಲೂ ಒಂದೊಂದು ಬಾಣ. ಗೆಳೆಯ ಬೇಕಂತಲೇ ಒಂದನ್ನಾದರೂ ಉಲ್ಟಾ ಇಡುತ್ತಾನೆ, ಅದು ಬೇರೆ ಮಾತು.

ಗುಡ್ಡಕ್ಕೆ ಮಣಿ ಮಣಿಯಾಗಿ ಉದುರುವ ಥರ್ಮಾಕೋಲ್‌ಗಿಂತ ಎಕ್ಸ್‌ಪಿಎಸ್ ಅನ್ನುವ, ಮಣಿಯಿಲ್ಲದ ಗಟ್ಟಿ ಫೋಮ್ ಹಾಳೆ ಒಳ್ಳೆಯದು. ಹೊಸ ಬ್ಲೇಡ್ ಹಾಕಿದ ಕಟ್ಟರ್‌ನಲ್ಲಿ ನುಣ್ಣಗೆ ಕತ್ತರಿಸಬಹುದು. ಆದರೆ ಸ್ಪ್ರೇ ಬಣ್ಣದಲ್ಲಿರುವ ದ್ರಾವಕ ಇವೆರಡನ್ನೂ ತಿನ್ನುತ್ತದೆ. ಮೊದಲು ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ಮರಗೆಲಸದ ಬಿಳಿ ಗೋಂದು ಬೆರೆಸಿ, ಬ್ರಷ್‌ನಲ್ಲಿ ಎರಡು ಕೋಟ್ ಹಚ್ಚಿ. ಒಂದು ಸೂಜಿಮೊನೆಯಷ್ಟು ಜಾಗವೂ ಬಿಟ್ಟುಹೋಗಬಾರದು. ನನಗಂತೂ ಈಗ ಫೋಮ್ ಹತ್ತಿರ ಸ್ಪ್ರೇ ಡಬ್ಬಿ ತರುವ ಧೈರ್ಯವೇ ಇಲ್ಲ.

ಆಮೇಲೆ ನೆಲ. ಹಿಮ ಅಂದ ಕೂಡಲೇ ಬಿಳಿ ಬಣ್ಣದ ಡಬ್ಬಿ ತೆಗೆಯಬೇಡಿ. ಹಿಮವೇ ಇಲ್ಲ ಅಂದುಕೊಂಡು ನೆಲವನ್ನು ಪೂರ್ತಿ ಮಾಡಿ ಮುಗಿಸಿ. ಗೋಂದು ಹಚ್ಚಿ ಮರಳು, ಸಣ್ಣ ಕಲ್ಲು ಉದುರಿಸಿ. ಕಡು ಕಂದು ಬಣ್ಣ ಬಳಿಯಿರಿ. ಒಣಗಿದ ಮೇಲೆ ತಿಳಿ ಕಂದಿನಲ್ಲಿ ಡ್ರೈ ಬ್ರಷ್ ಮಾಡಿ, ಅಂದರೆ ಬ್ರಷ್‌ನ ಬಣ್ಣವನ್ನು ಬಹುಪಾಲು ಒರೆಸಿ, ಉಬ್ಬುಗಳ ಮೇಲೆ ಮಾತ್ರ ಹಗುರಾಗಿ ಸವರಿ. ಅಲ್ಲಲ್ಲಿ ಒಣಹುಲ್ಲಿನ ಕುಚ್ಚು ಅಂಟಿಸಿ. ಕೊನೆಗೆ ಈ ನೆಲದ ಮೂರರಲ್ಲಿ ಒಂದು ಪಾಲಾದರೂ ಕಾಣುತ್ತಿರಬೇಕು. ಇದು ನಾನೇ ಮಾಡಿಕೊಂಡ ಲೆಕ್ಕ. ಮಣ್ಣು ಕಂಡರೇ ಹಿಮ ಬಿಳಿಯಾಗಿ ಕಾಣುವುದು.

ದಪ್ಪ ಗುಡ್ಡೆಗಳಿಗೆ ಗೋಡೆಯ ಬಿರುಕಿಗೆ ತುಂಬುವ ಪುಟ್ಟಿ ಸಾಕು. ಇಲ್ಲಿ ಅಳತೆ ನೋಡಿಕೊಳ್ಳಿ. 28 ಮಿಲಿಮೀಟರ್ ಎತ್ತರದ ಸೈನಿಕರ ಅಳತೆ ಸುಮಾರು 56ಕ್ಕೆ 1, ಅಂದರೆ ನಿಜದ 56 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ಮೊಣಕಾಲು ಮುಚ್ಚುವ ಹಿಮ ಅಂದರೆ 9 ಮಿಲಿಮೀಟರ್. 2 ಸೆಂಟಿಮೀಟರ್ ಪುಟ್ಟಿ ಮೆತ್ತಿದರೆ ಸೈನಿಕನ ಎದೆಯ ಹತ್ತಿರ ಬರುತ್ತದೆ. ಜೊತೆಗೆ ಮಿನಿಯೇಚರ್ ಅಲ್ಲಾಡದೆ ನಿಲ್ಲಬೇಕಲ್ಲ! ಓಡಾಡುವ ಜಾಗದಲ್ಲಿ 3 ಮಿಲಿಮೀಟರ್ ದಾಟಿಸಬೇಡಿ. ಎತ್ತರದ ಗುಡ್ಡೆ ಏನಿದ್ದರೂ ಗೋಡೆಗೆ ಒರಗಿಸಿ.

ಈಗ ಹಿಮ. ಎಲ್ಲರೂ ಹೇಳಿಕೊಡುವುದು ಅಡುಗೆ ಸೋಡಾ. ಮೊದಲ ದಿನ ಬಹಳ ಚೆನ್ನಾಗಿ ಕಾಣುತ್ತದೆ. ಗೋಂದಿನ ಜೊತೆ ಸೇರಿ ಹೋಗ್ತಾ ಹೋಗ್ತಾ ಹಳದಿಯಾಗುತ್ತದೆ. ನನ್ನ ಮೊದಲ ಬೋರ್ಡ್ ಹಾಳಾದದ್ದು ಹೀಗೇ. ಅದರ ಬದಲು ನುಣ್ಣನೆಯ ಮಾರ್ಬಲ್ ಪುಡಿ ಬಳಸಿ. ಎರಡು ಚಮಚ ಪುಡಿ, ಒಂದು ಚಮಚ ಬಿಳಿ ಗೋಂದು, ಅರ್ಧ ಚಮಚ ಬಿಳಿ ಅಕ್ರಿಲಿಕ್ ಬಣ್ಣ. ಹಲ್ಲುಕಡ್ಡಿಯ ತುದಿಯಲ್ಲಿ ಅಂಟಿದಷ್ಟು ನೀಲಿ. ಹನಿ ಹನಿ ನೀರು ಹಾಕಿ ಟೂತ್‌ಪೇಸ್ಟ್ ಹದಕ್ಕೆ ಕಲಸಿ. ಪುಡಿ ಕಲಸುವಾಗ, ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಿ. ನಾಚಿಕೆ ಬೇಡ.

ಒಂದು ಮುರುಕು ಗೋಡೆ ತೆಗೆದುಕೊಳ್ಳೋಣ. ಗಾಳಿ ಎಡದಿಂದ. ಹಳೇ ಬ್ರಷ್‌ನಲ್ಲಿ ಪೇಸ್ಟ್ ತೆಗೆದು ಗೋಡೆಯ ಮೇಲಂಚಿಗೆ ಕುಟ್ಟುತ್ತಾ ಹಚ್ಚಿ. ಎಳೆಯಬೇಡಿ, ಎಳೆದರೆ ಬ್ರಷ್ಷಿನ ಗೀರು ಬೀಳುತ್ತದೆ. ಕಿಟಕಿಯ ಕೆಳಕಟ್ಟೆಗೆ ಒಂದಿಷ್ಟು. ಬಲಬದಿಯ ಬುಡದಲ್ಲಿ ಪುಟ್ಟಿಯ ಗುಡ್ಡೆ ಇದೆಯಲ್ಲ, ಅದರ ಮೇಲೆ ದಪ್ಪಗೆ ಹಚ್ಚಿ, ಅಂಚನ್ನು ಮಾತ್ರ ಒದ್ದೆ ಬ್ರಷ್‌ನಲ್ಲಿ ಸವರಿ ಮಣ್ಣಿನೊಳಗೆ ಕರಗಿಸಿ. ಅಂಚು ಗೆರೆ ಎಳೆದಂತೆ ನಿಂತರೆ ಮತ್ತೆ ಸುಣ್ಣದ ಡಬ್ಬಿಯೇ. ಈಗ ನೀರು ಬೆರೆಸಿದ ಗೋಂದನ್ನು ಎಡಬದಿಯ ಇಟ್ಟಿಗೆಗಳ ಮೇಲೆ ಅಲ್ಲಲ್ಲಿ ಸವರಿ. ಗೋಡೆಯನ್ನು ಕೈಯಲ್ಲಿ ಹಿಡಿದು, ಎಡಬದಿ ಮೇಲೆ ಬರುವಂತೆ ವಾಲಿಸಿ. ಟೀ ಸೋಸುವ ಜರಡಿಗೆ ಒಣ ಪುಡಿ ಹಾಕಿ, ಅಂಚಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಪುಡಿ ನೇರವಾಗಿ ಕೆಳಗೇ ಬೀಳುತ್ತದೆ, ವಾಲಿರುವುದು ಗೋಡೆ. ನೆಟ್ಟಗೆ ನಿಲ್ಲಿಸಿ ನೋಡಿದಾಗ ಬಿರುಗಾಳಿ ಹೊಡೆದಂತೆ ಇಟ್ಟಿಗೆಯ ಸಂದುಗಳಲ್ಲೆಲ್ಲಾ ಹಿಮ! ಈ ಉಪಾಯ ಹೊಳೆದ ದಿನ ರಾತ್ರಿ ನಿದ್ದೆ ಬಿಟ್ಟು ಒಂಬತ್ತು ಗೋಡೆ ಮುಗಿಸಿದ್ದೆ.

ಹೊಳಪು ಬೇಕಾದವರು ಚಿಟಿಕೆ ಮಿನುಗು ಪುಡಿ ಹಾಕಬಹುದು. ಜಾಸ್ತಿಯಾದರೆ ಶುಭಾಶಯ ಪತ್ರದ ಹಾಗಾಗುತ್ತದೆ.

ಹೆಪ್ಪುಗಟ್ಟಿದ ಕೊಳ ಸುಲಭ. ನಡುವೆ ಕಡು ನೀಲಿ ಹಸಿರು, ದಡದ ಕಡೆಗೆ ತಿಳಿಯಾಗುತ್ತಾ ಬರಲಿ. ಸಣ್ಣ ಬ್ರಷ್‌ನಲ್ಲಿ ಬಿಳಿ ಬಿರುಕು ಬರೆಯಿರಿ. ಅದರ ಮೇಲೆ ಹೊಳಪು ಕೊಡುವ (ಗ್ಲಾಸ್) ವಾರ್ನಿಷ್ ನಾಲ್ಕು ತೆಳು ಕೋಟ್, ಪ್ರತಿಯೊಂದೂ ಒಣಗಿದ ಮೇಲೆ. ವಾರ್ನಿಷ್ ಬದಲು ಗೋಂದನ್ನೇ ದಪ್ಪಗೆ ಸುರಿದರೆ ಒಳಗೆ ಮಬ್ಬು ಉಳಿಯುತ್ತದೆ. ದಾರಿಯ ಕೆಸರು ಹಿಮಕ್ಕೆ ಅದೇ ಪೇಸ್ಟ್‌ಗೆ ಕಂದು ಬಣ್ಣ ಬೆರೆಸಿ ಹಚ್ಚಿ, ಮೇಲೆ ಸ್ವಲ್ಪ ಅದೇ ವಾರ್ನಿಷ್.

ಕೊನೆಗೆ ಹೆಜ್ಜೆ ಗುರುತು. ಪೇಸ್ಟ್ ಪೂರ್ತಿ ಹಸಿಯಿದ್ದಾಗ ಒತ್ತಿದರೆ ಅಂಟಿಕೊಂಡು ಬರುತ್ತದೆ. ಪೂರ್ತಿ ಒಣಗಿದರೆ ಒತ್ತಲಾಗುವುದಿಲ್ಲ. ಬೆರಳಿಟ್ಟರೆ ಅಂಟದೆ ತಗ್ಗು ಬೀಳುವ ಹದದಲ್ಲಿ ಹಿಡಿಯಬೇಕು. ಮುರಿದ ಮಿನಿಯೇಚರ್‌ನ ಕಾಲನ್ನು ಒದ್ದೆ ಮಾಡಿ ಎಡ, ಬಲ, ಎಡ, ಬಲ ಅಂತ ಒತ್ತಿ. ಒಣಗಿದ ಮೇಲೆ ಗುಳಿಯೊಳಗೆ ನೀರು ನೀರಾದ ನೀಲಿ ಬೂದು ಬಣ್ಣ ಇಳಿಸಿ. ಹೆಜ್ಜೆ ಎಲ್ಲಿಂದಲೋ ಹೊರಟು ಎಲ್ಲಿಗೋ ಸೇರಬೇಕು. ಬಯಲ ನಡುವೆ ಸುಮ್ನೆ ಮಾಯವಾದರೆ ನೋಡಿದವರು ನಗುತ್ತಾರೆ. ನನ್ನ ಬೋರ್ಡಿನ ಒಂದು ಪಾಳುಮನೆಯ ಬಾಗಿಲೊಳಗೆ ಹೆಜ್ಜೆ ಹೋಗಿದೆ, ಹೊರಗೆ ಬಂದಿಲ್ಲ. ಒಳಗೆ ಯಾರೂ ಇಲ್ಲ ಅಂತ ಗೊತ್ತಿದ್ದೂ ಗೆಳೆಯ ಪ್ರತಿ ಆಟದಲ್ಲಿ ಮೊದಲು ಇಬ್ಬರು ಸೈನಿಕರನ್ನು ಆ ಮನೆಗೇ ಕಳಿಸುತ್ತಾನೆ.