ಹಳೆಯ ಕಾಲೇಜು ಫುಟ್‌ಬಾಲ್ ಸ್ಟೇಡಿಯಂ ನವೀಕರಣ: ಎಲ್ಲಿ ಕೈಹಾಕಬೇಕು, ಏನನ್ನು ಬಿಡಬೇಕು

ಅಮೆರಿಕದ ಕ್ಯಾಂಪಸ್‌ಗಳಲ್ಲಿ ಸಂಪ್ರದಾಯ ಎಂದರೆ ಗೋಡೆಗಿಂತ ಹೆಚ್ಚಾಗಿ ನೋಟ, ನಡೆಯುವ ದಾರಿ. ಹಾಗಾಗಿ ಪಂದ್ಯದ ದಿನ ಬ್ಯಾಂಡ್ ಬರುವ ದಾರಿ, ಆಟಗಾರರು ಮುಟ್ಟುವ ಕಲ್ಲು, ಕಾಣಲೇಬೇಕಾದ ಗೋಪುರ, ಎಲ್ಲವನ್ನೂ ಮೊದಲು ನಕ್ಷೆಯಲ್ಲಿ ಗುರುತಿಸಿ. 2017ರಲ್ಲಿ ಮುಗಿದ ನೋಟ್ರ ಡೇಮ್ ವಿಶ್ವವಿದ್ಯಾಲಯದ ಸ್ಟೇಡಿಯಂ ಕೆಲಸದಲ್ಲಿ ದೊಡ್ಡ ಪರದೆಯನ್ನು ದಕ್ಷಿಣ ತುದಿಯಲ್ಲಿಟ್ಟರು. ಉತ್ತರಕ್ಕೆ ಗ್ರಂಥಾಲಯದ ಗೋಡೆಯ ಮೇಲಿನ ಯೇಸು ಭಿತ್ತಿಚಿತ್ರವಿದೆ, ಪರದೆ ಅಲ್ಲಿದ್ದರೆ ಆ ನೋಟ ಮರೆಯಾಗುತ್ತಿತ್ತು.

ಆಮೇಲೆ ಸೀಟಿನ ಲೆಕ್ಕ. ಬೆಂಚಿನಲ್ಲಿ ತಲಾ 18 ಇಂಚು ಇದ್ದದ್ದನ್ನು 21 ಇಂಚಿನ ಕುರ್ಚಿ ಮಾಡಿದರೆ 30 ಅಡಿ ಸಾಲಿನಲ್ಲಿ 20 ಜನರ ಜಾಗದಲ್ಲಿ 17 ಮಂದಿ. ವಿದ್ಯಾರ್ಥಿಗಳ ಭಾಗದಲ್ಲಿ ಬೆಂಚೇ ಇರಲಿ, ಅವರು ಹೇಗೂ ನಿಂತೇ ನೋಡುತ್ತಾರೆ. ಗಾಲಿಕುರ್ಚಿಯ ಜಾಗ ಹೊಸ ಕಟ್ಟಡದ ಮಾನದಂಡದಂತೆ 5,000 ಸೀಟು ದಾಟಿದರೆ 36, ಮೇಲಿನ ಪ್ರತಿ 200ಕ್ಕೆ ಒಂದು, 50,000ಕ್ಕೆ 261. ಮುಂದಿನವರು ಎದ್ದು ನಿಂತರೂ ಅಲ್ಲಿಂದ ಮೈದಾನ ಕಾಣಬೇಕು.

ಹೆಚ್ಚು ಎಡವುವುದು ಇಟ್ಟಿಗೆಯಲ್ಲಿ. ಕ್ಯಾಟಲಾಗ್ ತುಂಡು ನೋಡಿ ಬಣ್ಣ ಒಪ್ಪಬೇಡಿ. 4 ಅಡಿ ಚೌಕದ ಮಾದರಿ ಗೋಡೆಯನ್ನು ಹಳೆಯದರ ಪಕ್ಕದಲ್ಲೇ ಕಟ್ಟಿಸಿ, ಗಾರೆ ಪೂರ್ತಿ ಒಣಗಿದ ಮೇಲೆ ಬಿಸಿಲಲ್ಲೊಮ್ಮೆ, ನೀರು ಚಿಮುಕಿಸಿ ಇನ್ನೊಮ್ಮೆ ನೋಡಿ. ಇಟ್ಟಿಗೆ ಹೊಂದಿ ಗಾರೆ ಬಿಳುಪಾಗಿದ್ದರೆ ಇಡೀ ಗೋಡೆ ತೇಪೆ ಹಾಕಿದಂತೆ ಕಾಣುತ್ತದೆ. ಹೊಸ ಗೋಡೆಯನ್ನು ಹಳೆಯ ಕಾಂಕ್ರೀಟಿಗೆ ಬಿಗಿಯಾಗಿ ಕಟ್ಟಲೂಬೇಡಿ: ಹೊಸ ಅಡಿಪಾಯ ಸ್ವಲ್ಪ ಕುಸಿದೇ ಕುಸಿಯುತ್ತದೆ, ಸೇರುವಲ್ಲಿ ಬಿರುಕು ಬಿಟ್ಟು ನೀರು ಇಳಿಯುತ್ತದೆ. ನಡುವೆ ಅಲುಗಾಡಲು ಸಂದು ಬಿಟ್ಟು ಸೀಲಂಟ್ (ನೀರು ತಡೆಯುವ, ಹಿಗ್ಗುವ ಅಂಟು) ತುಂಬಿಸಿ.