ಗಾಜಿನ ಮಣಿಗೆ ತಂತಿಯ ಲೇಸ್: ನಾನು ಹೆಣೆಯುವ ಬಗೆ

ತಂತಿಯ ಲೇಸ್ ಸರ, ಅಂದರೆ ತೆಳು ತಂತಿಯನ್ನು ಮಣಿ ಸೇರಿಸಿ ಕ್ರೋಶಾ ಹಾಕಿದ ಸರ, ಕಂಡವರು ಮೊದಲು ಕೇಳುವುದು ತಂತಿಯ ಬಗ್ಗೆ. ನಾನು ಮಾತ್ರ ಮಣಿಯಿಂದಲೇ ಶುರು ಮಾಡುತ್ತೇನೆ. ಕೈಯಲ್ಲಿ ಮಾಡಿದ ಮಣಿ ಒಂದರಂತೆ ಇನ್ನೊಂದು ಇರುವುದಿಲ್ಲ. ಲೇಸ್ ಅದಕ್ಕೆ ಹೊಂದಿಕೊಳ್ಳಬೇಕು.

ನಾನು ಜಾಸ್ತಿ ಬಳಸುವುದು ಉತ್ತರ ಪ್ರದೇಶದ ಪುರದಿಲ್‌ನಗರದ ಮಣಿ. ಬೆಂಕಿಯಲ್ಲಿ ಕರಗಿದ ಗಾಜನ್ನು ಮಣ್ಣು ಬಳಿದ ಲೋಹದ ಕಡ್ಡಿಗೆ ಸುತ್ತಿ ಮಾಡಿದ್ದು. ಕಡ್ಡಿ ಎಳೆದಾಗ ತೂತು ಉಳಿಯುತ್ತದೆ, ಜೊತೆಗೆ ಒಳಗೆ ಬಿಳಿ ಪುಡಿಯೂ. ತಿಳಿ ಬಣ್ಣದ ಮಣಿಯಲ್ಲಿ ಅದು ಎದ್ದು ಕಾಣುತ್ತದೆ. ಹಾಗಾಗಿ ನೀರಲ್ಲಿ ನೆನೆಸಿ, ಸಣ್ಣ ಬ್ರಷ್‌ನಿಂದ ಉಜ್ಜಿ ತೆಗೆಯುತ್ತೇನೆ. ಆಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ತೂತಿನ ಅಂಚು ನೋಡುತ್ತೇನೆ. ಅಲ್ಲಿ ಗಾಜು ಚೂಪಾಗಿದ್ದರೆ ತಂತಿಯನ್ನು ಕೊರೆದು ಕೊರೆದು ಕತ್ತರಿಸಿಬಿಡುತ್ತದೆ. ಅಂಥದ್ದನ್ನು ವಜ್ರದ ಪುಡಿ ಲೇಪಿಸಿದ ಅರದಿಂದ, ನೀರು ಹಚ್ಚಿಕೊಂಡೇ ತಿಕ್ಕಬೇಕು. ಒಣಗಿದ್ದಾಗ ತಿಕ್ಕಿದರೆ ಗಾಜಿನ ಧೂಳು ಮೂಗಿಗೆ ಹೋಗುತ್ತದೆ.

ತಂತಿಗೆ ನಾನು ಹೋಗುವುದು ಮೋಟಾರ್ ವೈಂಡಿಂಗ್ ಅಂಗಡಿಗೆ. ಎನಾಮೆಲ್ ಲೇಪಿಸಿದ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ, ಬೇಗ ಕಪ್ಪಾಗುವುದೂ ಇಲ್ಲ. ಅಮೆರಿಕದ ವಿಡಿಯೊಗಳಲ್ಲಿ 28 ಗೇಜ್ (ತಂತಿಯ ದಪ್ಪದ ನಂಬರ್) ಅಂತಾರಲ್ವಾ, ಅದು 0.32 ಮಿ.ಮೀ. ನಮ್ಮ ಅಂಗಡಿಯ ಎಸ್‌ಡಬ್ಲ್ಯುಜಿ, ಅಂದರೆ ಬ್ರಿಟಿಷ್ ಗೇಜ್ ಲೆಕ್ಕದಲ್ಲಿ ಅದಕ್ಕೆ 30 ನಂಬರ್ ಕೇಳಬೇಕು. 28 ಅಂತಲೇ ಕೇಳಿದರೆ ದಪ್ಪದ್ದು ಬರುತ್ತದೆ, ಬೆರಳು ನೋಯುತ್ತದೆ.

ಹೆಣೆಯುವ ಮುಂಚೆಯೇ ಮಣಿಗಳನ್ನೆಲ್ಲ ತಂತಿಗೆ ಪೋಣಿಸಿಕೊಳ್ಳಬೇಕು. ಕೊನೆಗೆ ಪೋಣಿಸಿದ್ದು ಮೊದಲು ಹೆಣಿಗೆಗೆ ಬರುತ್ತದೆ, ಬಣ್ಣದ ಸಾಲನ್ನು ಅದಕ್ಕೆ ತಕ್ಕಂತೆ ಉಲ್ಟಾ ಜೋಡಿಸಿ. 2.5 ಮಿ.ಮೀ. ಕ್ರೋಶಾ ಕಡ್ಡಿ ಸಾಕು, ತುದಿ ನುಣುಪಾಗಿರಲಿ. ಬರೀ ಸರಪಳಿ ಹೆಣಿಗೆ: ಮಣಿಯನ್ನು ಕಡ್ಡಿಯ ಹತ್ತಿರ ಜಾರಿಸಿ, ಅದರ ಹಿಂದಿನ ತಂತಿಯನ್ನು ಕುಣಿಕೆಯೊಳಗಿಂದ ಎಳೆದರೆ ಮಣಿ ಅಲ್ಲೇ ಕೂರುತ್ತದೆ. ಮುಂದಿನ ಎರಡು ಕುಣಿಕೆ ಖಾಲಿ ಬಿಡುತ್ತೇನೆ. ಮಣಿ ದಪ್ಪ ಇದ್ದರೆ ಮೂರು.

ಇಲ್ಲಿ ಕೈ ಸಡಿಲ ಇರಬೇಕು. ದಾರದ ಕ್ರೋಶಾ ಕಲಿತವರಿಗೆ ಬಿಗಿ ಎಳೆಯುವ ಅಭ್ಯಾಸ ಇರುತ್ತದೆ, ತಂತಿಗೆ ಅದು ಆಗಿಬರುವುದಿಲ್ಲ. ತಾಮ್ರ ಬಗ್ಗಿಸಿದಷ್ಟೂ ಗಡುಸಾಗುತ್ತದೆ, ಒಂದೇ ಜಾಗದಲ್ಲಿ ಬಗ್ಗಿಸುತ್ತಿದ್ದರೆ ತುಂಡಾಗುತ್ತದೆ. ತಂತಿ ಸುರುಳಿ ಬಿದ್ದರೆ ಎಳೆಯಬೇಡಿ. ಹೆಬ್ಬೆರಳಿನಿಂದ ಅಗಲ ಮಾಡಿ, ಸುರುಳಿ ಬಿಚ್ಚಿಕೊಂಡ ಮೇಲೆ ಮುಂದುವರಿಸಿ. ಬಿಚ್ಚಿ ಮತ್ತೆ ಹೆಣೆಯುವ ಆಸೆಯನ್ನೂ ಬಿಡಿ. ಅಂಕುಡೊಂಕು ಕಂಡ ಕುಣಿಕೆಗಳು ಪೂರ್ತಿ ಸರದಲ್ಲಿ ಚೆನ್ನಾಗಿಯೇ ಕೂರುತ್ತವೆ. ಮಣಿಯೂ ಅಂಕುಡೊಂಕೇ ತಾನೆ, ಎರಡೂ ಸೇರಿದಾಗಲೇ ಚೆಂದ. ಮೆಷಿನ್ ಮಣಿ ಹಾಕಿದರೆ ಇದೇ ಲೇಸ್ ಸಪ್ಪೆಯಾಗುತ್ತದೆ.

ಇಂಥ ಐದು ಎಳೆ ಸೇರಿಸಿ ಸಣ್ಣಗೆ ತಿರುಚಿದರೆ ಸರ. ದೊಡ್ಡ ಮಣಿಯನ್ನು ಈ ಲೇಸಿಗೆ ನೇತುಹಾಕುವುದಿಲ್ಲ, ಭಾರಕ್ಕೆ ಕುಣಿಕೆ ಬಾಯಿ ಬಿಡುತ್ತದೆ. ಅದಕ್ಕೆ 26 ನಂಬರಿನ ದಪ್ಪ ತಂತಿ ಬೇರೆಯಾಗಿ ಕಟ್ಟುತ್ತೇನೆ. ಓಲೆಯಾದರೆ ಕಿವಿಗೆ ಹೋಗುವ ಕೊಕ್ಕೆ ಬೆಳ್ಳಿಯದೇ ಇರಲಿ.

ಕತ್ತರಿಸಿದ ತುದಿಯನ್ನು ಹತ್ತಿರದ ಮಣಿಯ ತೂತಿನೊಳಗೆ ತೂರಿಸಿ ಮುಚ್ಚುತ್ತೇನೆ. ಆಮೇಲೆ ಇಡೀ ಸರವನ್ನು ಹಳೆಯ ರೇಷ್ಮೆ ಸೆರಗಿನ ಮೇಲೆ ಎಳೆದು ನೋಡುತ್ತೇನೆ. ರೇಷ್ಮೆಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೊಂದು ತುದಿ ಹೊರಗಿದೆ ಅಂತಲೇ ಅರ್ಥ. ಸಿಕ್ಕಿಕೊಳ್ಳದ ಮೇಲಷ್ಟೇ ಕೊಂಡಿ ಹಾಕುವುದು.