ಟೇಬಲ್ ಸಾ ರೇಲಿಗೆ ಸಿಂಗಾರ: ನನ್ನ ಅನುಭವ

ಟೇಬಲ್ ಸಾ ಎಂದರೆ ಮೇಜಿನ ನಡುವೆ ಬ್ಲೇಡ್ ತಿರುಗುವ ಗರಗಸ; ಕೊಯ್ಯುವ ಹಲಗೆಯನ್ನು ನೇರ ಹಿಡಿಯುವ ತಡೆಪಟ್ಟಿಯೇ ಫೆನ್ಸು, ಅದು ಜಾರುವ ಹಳಿಯೇ ರೇಲು. ಹೊರಗೆಳೆದು ಉದ್ದ ಮಾಡುವ ಫೆನ್ಸ್ ರೇಲಿನ ಮುಖಕ್ಕೆ ಅಲಂಕಾರದ ಗ್ರೂವ್ (ಉದ್ದನೆಯ ತಗ್ಗುಗೆರೆ) ಕೊಡುತ್ತೇನೆಂದಾಗ ಪುಣೆಯ ಭೋಸರಿಯಲ್ಲಿ ನಮ್ಮ ಸಾಲಿನ ಶೆಡ್ಡುಗಳವರು ಯಾರೂ ನಂಬಲಿಲ್ಲ; ಪ್ಲೈ ಕೊಯ್ಯುವ ಯಂತ್ರಕ್ಕೆ ಸಿಂಗಾರವೇಕೆ ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು. ಈಗ ಅವರಲ್ಲೇ ಕೆಲವರು ನನ್ನಿಂದ ರೇಲು ಮಾಡಿಸಿಕೊಂಡಿದ್ದಾರೆ.

ಮೊದಲು ಮಾಡಿದ್ದು ಎಂ.ಎಸ್. (ಮೈಲ್ಡ್ ಸ್ಟೀಲ್, ಸಾಧಾರಣ ಉಕ್ಕು) ಚೌಕ ಪೈಪಿನೊಳಗೆ ಇನ್ನೊಂದು ಪೈಪು ಜಾರುವ ರೇಲು. ಹೊರ ಪೈಪಿನ ಒಳಗಿದ್ದ ವೆಲ್ಡ್ ಗೆರೆಯನ್ನು ಉಜ್ಜಿ ತೆಗೆಯುವುದರಲ್ಲೇ ಅರ್ಧ ಕೂಲಿ ಹೋಯಿತು. ಪುಡಿ ಬಣ್ಣವನ್ನು ಕಾಯಿಸಿ ಹಿಡಿಸುವ ಪೌಡರ್ ಕೋಟಿಂಗ್ ಒಂದೊಂದು ಮುಖದ ಮೇಲೂ 60ರಿಂದ 80 ಮೈಕ್ರಾನ್ ದಪ್ಪ ಕೂರುವುದರಿಂದ, ಲೆಕ್ಕ ಹಾಕಿ ಬಿಟ್ಟಿದ್ದ ಸಂದು ಮುಚ್ಚಿಹೋಗಿ, ಎಳೆದಲ್ಲೆಲ್ಲ ಬಣ್ಣ ಕಿತ್ತು ಬಂತು. ಸಂದು ಹೆಚ್ಚಿಸಿದರೆ, ಪೂರ್ತಿ ಎಳೆದಾಗ ಫೆನ್ಸು ಕೈಯಿಂದ ಒತ್ತಿದಷ್ಟಕ್ಕೇ ಸಣ್ಣ ಸರಿತವನ್ನೂ ಅಳೆಯುವ ಡಯಲ್ ಗೇಜಿನಲ್ಲಿ ಅರ್ಧ ಮಿ.ಮೀ. ಮೀರಿ ಸರಿಯುತ್ತಿತ್ತು. ಅಲ್ಲಿಗೆ ಹದಿನಾಲ್ಕು ಸಾವಿರದಷ್ಟು ನೀರಿಗೆ ಬಿತ್ತು.

ಅನಂತರ 6063 ಎಂಬ ದರ್ಜೆಯ ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ನಿಗೆ, ಅಂದರೆ ಬಿಸಿ ಲೋಹವನ್ನು ಡೈ ಎಂಬ ಅಚ್ಚಿನ ತೂತಿನಿಂದ ಒತ್ತಿ ತೆಗೆದ ಪಟ್ಟಿಗೆ ಬಂದೆ. ಹೊರ ರೇಲು, ಒಳ ರೇಲು ಎರಡರ ಡೈ ಸೇರಿ ಎಂಬತ್ತು ಸಾವಿರದ ಹತ್ತಿರ ಆಯಿತು. ಮಿಲ್ಲಿನವರು ಕನಿಷ್ಠ ತೂಕದ ಆರ್ಡರ್ ಇಲ್ಲದೆ ಯಂತ್ರ ಓಡಿಸಲು ಒಪ್ಪದ್ದರಿಂದ ಮಾಲಿನಲ್ಲೂ ಹಣ ಸಿಕ್ಕಿಕೊಂಡಿತು. ಬೋಳು ಮುಖ ಮಾಡಿದ್ದರೆ ಹೊರ ರೇಲು ಮುಗಿದು ಒಳ ರೇಲು ಶುರುವಾಗುವ ಮೆಟ್ಟಿಲು ಕಣ್ಣಿಗೆ ಹೊಡೆಯುತ್ತಿತ್ತು. ಎರಡಕ್ಕೂ ಒಂದೇ ಸಾಲಿನಲ್ಲಿ ಗ್ರೂವ್ ಬಿದ್ದಾಗ ನೋಟ ಅಲ್ಲಿ ನಿಲ್ಲದೆ ಮುಂದಕ್ಕೆ ಹರಿಯುತ್ತದೆ. ಗ್ರೂವ್‌ಗಳ ನಡುವಿನ ಅಂತರ ಸಮನಾಗಿರಬಾರದು ಎಂದಷ್ಟೇ ಹೇಳಬಲ್ಲೆ. ಒಳಗಿನ ನೈಲಾನ್ ಪ್ಯಾಡುಗಳು ಗ್ರೂವ್‌ಗಳ ನಡುವೆ ಎದ್ದಿರುವ ದಿಂಡುಗಳ ಮೇಲಷ್ಟೇ ಜಾರುತ್ತವೆ, ಮರದ ಹೊಟ್ಟು ತಗ್ಗಿನಲ್ಲಿ ಉಳಿದು ತುದಿಯಿಂದ ಉದುರುತ್ತದೆ. ಸಿಂಗಾರ ಬೇಡವೆಂದವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಇದರ ನಡುವೆ ಪುಣೆಯ ಕಸಬಾ ಪೇಠದಲ್ಲಿರುವ ತಾಮ್ರದ ಕೆಲಸಗಾರರ ಓಣಿ ತಾಂಬಟ್ ಆಳಿಯಲ್ಲಿ ಸುತ್ತಿಗೆಯ ಚುಕ್ಕೆ ಹೊಡೆಸಿದ ತಾಮ್ರದ ಪಟ್ಟಿಯನ್ನು ನಡುಗ್ರೂವಿಗೆ ಕೂರಿಸಿ ನೋಡಿದೆ. ನೋಡಲು ಬಲು ಚೆನ್ನಾಗಿತ್ತು, ಆದರೆ ಮಳೆಗಾಲದ ತೇವದಲ್ಲಿ ತಾಮ್ರ ತಾಗಿದ ಕಡೆಯಲ್ಲೆಲ್ಲ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಎದ್ದಿತು. ಈಗ ತಾಮ್ರ ಇರುವುದು ಪ್ಲಾಸ್ಟಿಕ್ಕಿನ ತುದಿ ಮುಚ್ಚಳದ ಮೇಲೆ ಮಾತ್ರ.

2000ರ ಡಿಸೈನ್ಸ್ ಕಾಯ್ದೆಯಲ್ಲಿ, ಮೊದಲೇ ಬಹಿರಂಗವಾದ ರೂಪಕ್ಕೆ ನೋಂದಣಿ ಸಿಗುವುದಿಲ್ಲವಾದ್ದರಿಂದ ಅರ್ಜಿ ಹಾಕಿದ ಮೇಲೆಯೇ ಮುಂದಿನ, ಹಿಂದಿನ ರೇಲುಗಳ ಮೊದಲ ಜೋಡಿಯನ್ನು ಶೆಡ್ಡಿನಿಂದ ಹೊರಗೆ ಕಳಿಸಿದೆ. ಆ ಕಾಯ್ದೆ ಕಾಯುವುದು ಕಣ್ಣಿಗೆ ಕಾಣುವ ರೂಪವನ್ನೇ ಹೊರತು ಎಳೆದ ರೇಲನ್ನು ಹಿಡಿದು ನಿಲ್ಲಿಸುವ ಒಳಗಿನ ಲಾಕ್ ಕೆಲಸ ಮಾಡುವ ರೀತಿಯನ್ನಲ್ಲ. ಆದ್ದರಿಂದ ಲಾಕಿನ ವಿಷಯ ಬರೆಯುವುದಿಲ್ಲ. ರೇಲು ಪೂರ್ತಿ ಹೊರಗಿದ್ದಾಗ ಬ್ಲೇಡಿನಿಂದ ಫೆನ್ಸಿಗೆ ಸುಮಾರು 1300 ಮಿ.ಮೀ. ಸಿಗುತ್ತದೆ, ಕೈಯಿಂದ ಮೊದಲಿನಷ್ಟೇ ಒತ್ತಿದರೆ ಫೆನ್ಸು ಸರಿಯುವುದು 0.15 ಮಿ.ಮೀ. ಆಸುಪಾಸು. ಮಾಡಿಸುವವರಿಗೆ ಒಂದು ಮಾತು: ಮುಂದಿನ, ಹಿಂದಿನ ರೇಲುಗಳನ್ನು ಆನೊಡೈಸಿಂಗ್‌ಗೆ (ಅಲ್ಯೂಮಿನಿಯಂ ಮೇಲೆ ವಿದ್ಯುತ್ತಿನಿಂದ ಗಟ್ಟಿ ಪದರ ಬೆಳೆಸಿ ಬಣ್ಣ ಹಿಡಿಸುವುದು) ಒಂದೇ ಲಾಟಿನಲ್ಲಿ ಕಳಿಸಿರಿ, ಬೇರೆ ಬೇರೆ ಲಾಟಿನ ಕಪ್ಪು ಬಣ್ಣ ಒಂದಕ್ಕೊಂದು ಹೊಂದುವುದಿಲ್ಲ.